ಬೈಕಿನಲ್ಲಿ ಬಂದ ಲಸಿಕೆ ಹಾಕಿಸಬೇಡಿ: ನಮ್ಮ ಕೊಟ್ಟಿಗೆಯಲ್ಲಿ ಆಗಿದ್ದು

ಹಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದೆ. ತಲೆಗೆ 150 ರೂಪಾಯಿಯಂತೆ ದುಡ್ಡು ಎಣಿಸಿ ಕೊಟ್ಟು ಹಾಕಿಸಿದ್ದೆ. ಆದರೂ 26ನೇ ದಿನಕ್ಕೆ ಮೂರೂ ಹಸುಗಳು ಜೊಲ್ಲು ಸುರಿಸುತ್ತಾ ನಿಂತವು. ಒಂದೂವರೆ ತಿಂಗಳ ಹೆಣ್ಣು ಕರು ಸತ್ತೇಹೋಯಿತು. ಯಾಕೆ ಹೀಗಾಯಿತು ಅಂತ ತಿಳಿಯೋಕೆ ನನಗೆ ಎರಡು ತಿಂಗಳು ಬೇಕಾಯಿತು. ಹೈನು ಮಾಡುವ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಹಾಸನ ತಾಲ್ಲೂಕು, ದುದ್ದ ಕಡೆ ಒಂದು ಸಣ್ಣ ಹಳ್ಳಿ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು, ಒಂದು ಜರ್ಸಿ. ಎರಡು ಹೊತ್ತಿಗೂ ಸೇರಿ 34 ಲೀಟರ್ ಹಾಲು ಡೇರಿಗೆ ಹಾಕುತ್ತಿದ್ದೆವು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮಾರ್ಚ್ ಮೊದಲ ವಾರ ಸರ್ಕಾರದ ಲಸಿಕೆ ಸುತ್ತು ನಮ್ಮೂರಿಗೆ ಬಂದಿತ್ತು. ಪೈಸೆ ಖರ್ಚಿಲ್ಲ. 2019ರಲ್ಲಿ ಕೇಂದ್ರದವರು ಶುರು ಮಾಡಿದ ಕಾರ್ಯಕ್ರಮ ಅದು, ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೇ ಬಂದು ಹಾಕುತ್ತಾರೆ. ನಾನೇ ವಾಪಸ್ ಕಳಿಸಿದೆ. ದೊಡ್ಡ ಎಚ್‌ಎಫ್ ಆಗಷ್ಟೇ ಕರು ಹಾಕಿತ್ತು. ದಿನಕ್ಕೆ 16 ಲೀಟರ್ ಕೊಡುತ್ತಿತ್ತು. ಸೂಜಿ ಚುಚ್ಚಿಸಿದರೆ ಎರಡು ಮೂರು ದಿನ ಹಾಲು ಇಳಿಯುತ್ತೆ, ಮುಂದಿನ ಸಲ ನೋಡೋಣ ಅಂದೆ. ಬಂದಿದ್ದ ಹುಡುಗಿ "ಅಣ್ಣ, ಇಳಿದ್ರೂ ಮತ್ತೆ ಏರುತ್ತೆ, ಹಾಕಿಸಿಕೊಳ್ಳಿ" ಅಂತ ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ.

ಮಾರ್ಚ್ ಕೊನೆಗೆ ನಾಲ್ಕು ಮೈಲಿ ಆಚೆಯ ಊರಲ್ಲಿ ಕಾಲುಬಾಯಿ ಬಂದಿದೆ ಅಂತ ಡೇರಿಯಲ್ಲಿ ಸುದ್ದಿಯಾಯಿತು. 2013ರಲ್ಲಿ ಕರ್ನಾಟಕದಲ್ಲಿ ಈ ರೋಗ ಎದ್ದಾಗ ದನಗಳು ಹೇಗೆ ಬಿದ್ದವು ಅಂತ ನೋಡಿದವರು ನಾವು. ಎದೆ ಧಸಕ್ ಅಂತು. ಅದೇ ವಾರ ಒಬ್ಬ ಮನುಷ್ಯ ಬೈಕಿನಲ್ಲಿ ಬಂದ. ಹಸು ಡಾಕ್ಟರ್ ಅಂತಲೇ ಹೇಳಿಕೊಂಡ. "ಸರ್ಕಾರದ್ದು ಬರೀ ನೀರು ಗೌಡ್ರೇ, ಇದು ಕಂಪನಿ ಮಾಲು" ಅಂದ. ಬೈಕಿನ ಪಕ್ಕದ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ಬಾಟಲಿ, ಜೊತೆಗೆ ಕರಗಿ ನೀರಾಗಿದ್ದ ಒಂದು ಐಸ್ ಪ್ಯಾಕ್. ಸಮಯ ಮಧ್ಯಾಹ್ನ ಎರಡು ಗಂಟೆ. ಪೆಟ್ಟಿಗೆ ಮುಟ್ಟಿದರೆ ಕೈ ಸುಡುವಂತಿತ್ತು. ಅದು ನನಗೆ ಗೊತ್ತಾಗಿದ್ದೇ ಹೇಗೆಂದರೆ ಚೊಂಬು ಅದರ ಮೇಲಿಟ್ಟು ನಾನೇ ನೀರು ಕೊಟ್ಟಿದ್ದೆ! ಒಂದೇ ಸೂಜಿಯಲ್ಲಿ ಮೂರೂ ಹಸುವಿಗೆ ಚುಚ್ಚಿದ. ಅಲ್ಲಿಂದ ನಮ್ಮ ಭಾವನ ತೋಟದ ಮನೆಗೆ ಹೋಗಿ, ಅದೇ ಬಾಟಲಿಯಿಂದ ಅವರ ಒಂದು ಹಸುವಿಗೂ ಹಾಕಿದ. ಈ ಭಾವನ ಹಸುವಿನ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತೆ.

ರೋಗ ಬಂದ ದಿನಗಳ ಬಗ್ಗೆ ಜಾಸ್ತಿ ಬರೆಯೋಕೆ ಮನಸ್ಸಿಲ್ಲ. ಮೊದಲು ಜರ್ಸಿ ಮೇವು ಬಿಟ್ಟಿತು. ಬಾಯಿ ಚಪ್ಪರಿಸುತ್ತಾ ನೂಲಿನ ಹಾಗೆ ಜೊಲ್ಲು ಇಳಿಸಿತು. ಮಾರನೇ ದಿನ ಎಚ್‌ಎಫ್‌ಗಳ ನಾಲಿಗೆ ಮೇಲೆ ಬೊಬ್ಬೆ, ಗೊರಸಿನ ಸಂದಿಯಲ್ಲಿ ಹುಣ್ಣು. ಕೆಚ್ಚಲು ಮುಟ್ಟೋಕೆ ಬಿಡಲಿಲ್ಲ. 34 ಲೀಟರ್ ಇದ್ದದ್ದು 5 ಲೀಟರ್‌ಗೆ ಬಂತು, ಅದನ್ನೂ ಡೇರಿಗೆ ಹಾಕಲಿಲ್ಲ. ಬಾಯಿ ತೊಳೆದು, ರಾಗಿ ಗಂಜಿ ಕುಡಿಸಿ, ಗೊರಸಿಗೆ ಔಷಧಿ ಹಚ್ಚಿ ಹೇಗೋ ನಿಲ್ಲಿಸಿಕೊಂಡೆವು. ಕರು ಮಾತ್ರ ಬೆಳಿಗ್ಗೆ ಹಾಲು ಕುಡಿದು ನಿಂತಿದ್ದದ್ದು ಹಾಗೇ ಕುಸಿಯಿತು. ಬಾಯಲ್ಲಿ ಒಂದು ಬೊಬ್ಬೆಯೂ ಇರಲಿಲ್ಲ. ಎಳೆ ಕರುಗಳಲ್ಲಿ ಈ ವೈರಸ್ ನೇರ ಹೃದಯಕ್ಕೆ ಹೋಗುತ್ತಂತೆ.

ಪಶು ಆಸ್ಪತ್ರೆಯ ಮೇಡಂ ಬಂದಾಗ ನಾನು ರೇಗಿಬಿಟ್ಟೆ. "ಲಸಿಕೆ ಹಾಕಿಸಿದ್ರೂ ಬಂತಲ್ಲ ಮೇಡಂ, ಮತ್ತೆ ಯಾಕೆ ಹಾಕಿಸಬೇಕು?" ಅಂದೆ. ಅವರು ಸಿಟ್ಟಾಗಲಿಲ್ಲ. ಯಾರು ಹಾಕಿದ್ದು, ಎಲ್ಲಿಟ್ಟು ತಂದಿದ್ದ, ಎಷ್ಟು ಹೊತ್ತಿಗೆ, ಎಲ್ಲಾ ಕೇಳಿದರು. ಭಾವನ ಹಸುವಿಗೂ ಅದೇ ಬಾಟಲಿ, ಆದರೆ ಅದಕ್ಕೆ ರೋಗ ಬಂದಿಲ್ಲ ಅಂದೆ. ತಕ್ಷಣ "ಅದರ ರಕ್ತ ಬೇಕು" ಅಂದರು. ನಮ್ಮ ಮೂರರದ್ದೂ, ಅದರದ್ದೂ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬಂದ ದಿನ ಕೊಟ್ಟಿಗೆ ಮುಂದೆ ಕೂತು ಅವರು ಹೇಳಿದ್ದನ್ನ ನನಗೆ ಅರ್ಥವಾದಷ್ಟು ಬರೆಯುತ್ತೇನೆ.

ಈ ವೈರಸ್ಸಿಗೆ ಹೊರಗೊಂದು ಚಿಪ್ಪಿದೆ, ಪ್ರೋಟೀನಿನಿಂದ ಆದದ್ದು. ನಾಲ್ಕು ಬಗೆ ಪ್ರೋಟೀನು, ಒಂದೊಂದೂ 60 ಸಲ ಜೋಡಣೆಯಾಗಿ ದುಂಡಗಿನ ಗೂಡಾಗುತ್ತೆ. ಲಸಿಕೆಯಲ್ಲಿ ಇರುವುದು ಸತ್ತ ವೈರಸ್, ಆದರೆ ಚಿಪ್ಪು ಇಡಿಯಾಗಿ ಇರಬೇಕು. ಹಸುವಿನ ಮೈ ಆ ಇಡೀ ಚಿಪ್ಪಿನ ಹೊರಮೈ ನೋಡಿ ಗುರುತಿಟ್ಟುಕೊಂಡು ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿಯುವ ಪ್ರೋಟೀನು, ರಕ್ತದಲ್ಲಿ ಮಾಡಿಕೊಳ್ಳುತ್ತೆ. ನಾಳೆ ನಿಜವಾದ ವೈರಸ್ ಬಂದರೆ ಅದೇ ಗುರುತಿನ ಮೇಲೆ ಹಿಡಿಯುತ್ತೆ. ಈ ಚಿಪ್ಪಿಗೆ ಶಾಖ ಆಗುವುದಿಲ್ಲ. ಬಿಸಿ ತಾಗಿದರೆ 12 ಚೂರಾಗಿ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಲಸಿಕೆಯನ್ನ 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಹಾಗಂತ ಲಸಿಕೆ ಐಸಿನ ಹಾಗೆ ಹೆಪ್ಪುಗಟ್ಟಲೂ ಬಾರದು.

"ಗಡಿಗೆ ತೋರಿಸಿ ಗುರುತಿಟ್ಟುಕೋ ಅಂದ್ರೆ ಇಟ್ಟುಕೊಳ್ಳುತ್ತೆ. ಒಡೆದ ಬೋಕಿ ತೋರಿಸಿದ್ರೆ ಹಸು ಏನು ಗುರುತಿಟ್ಟುಕೊಳ್ಳಬೇಕು ಹೇಳಿ?" ಅಂದರು ಮೇಡಂ. ಚೂರುಗಳನ್ನ ನೋಡಿ ಮೈ ಏನೋ ಒಂದಿಷ್ಟು ಪ್ರತಿಕಾಯ ಮಾಡಿಕೊಂಡರೂ ಇಡೀ ವೈರಸ್ಸನ್ನು ಹಿಡಿಯೋಕೆ ಅದು ಸಾಲುವುದಿಲ್ಲ. ನಮ್ಮ ದೇಶದ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಅಂತ ಮೂರು ಬಗೆ ವೈರಸ್ ಹಾಕಿರುತ್ತಾರೆ. ಅದರಲ್ಲಿ ಓ ಬಗೆಯದ್ದು ಬೇಗ ಬಿಚ್ಚಿಕೊಳ್ಳುವ ಚಿಪ್ಪು. ನಮ್ಮಲ್ಲಿ ಜಾಸ್ತಿ ಕಾಣಿಸಿಕೊಳ್ಳುವುದೂ ಅದೇ. ಮತ್ತೆ, ಹೀಗೆ ಕೆಟ್ಟ ಲಸಿಕೆ ಕಣ್ಣಿಗೆ ಗೊತ್ತಾಗುವುದಿಲ್ಲ. ಚೂರಾಗಿರುವುದು ಕಣ್ಣಿಗೆ ಕಾಣದಷ್ಟು ಸಣ್ಣದು, ಬಾಟಲಿ ಮೊದಲಿನ ಹಾಗೇ ಬೆಳ್ಳಗಿರುತ್ತೆ.

ಭಾವನ ಹಸುವಿನ ರಕ್ತದಲ್ಲಿ ಚಿಪ್ಪಿನ ಪ್ರೋಟೀನಿನ ಮೇಲಿನ ಪ್ರತಿಕಾಯ ಬಹಳ ಕಮ್ಮಿ ಇತ್ತು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಸರ್ಕಾರದ ಲಸಿಕೆ ಬಿದ್ದಿತ್ತು. ಹಳೆಯದರ ಮೇಲೆ ಇನ್ನೊಂದು ಸಲ ಒಳ್ಳೆ ಲಸಿಕೆ ಬಿದ್ದಿದ್ದರೆ ಪ್ರತಿಕಾಯ ಜಿಗಿಯಬೇಕಿತ್ತು. ಜಿಗಿದಿರಲಿಲ್ಲ.

ಆಗ ನನಗೊಂದು ಅನುಮಾನ ಬಂತು. ನಮ್ಮ ಹಸುಗಳ ರಕ್ತದಲ್ಲಿ ಪ್ರತಿಕಾಯ ಜೋರಾಗಿತ್ತಲ್ಲ? ಅದು ಲಸಿಕೆಯದ್ದೋ ರೋಗದ್ದೋ ಹೇಗೆ ಗೊತ್ತಾಗುತ್ತೆ? ಅದಕ್ಕೇ ಬೇರೆ ಪರೀಕ್ಷೆ ಇದೆಯಂತೆ. ಮನೆ ಕಟ್ಟುವಾಗ ಸಾರುವೆ ಕಟ್ಟುತ್ತಾರಲ್ಲ, ಮನೆ ಎದ್ದ ಮೇಲೆ ಅದು ಇರುವುದಿಲ್ಲ. ಹಾಗೇ ವೈರಸ್ ಹಸುವಿನ ಮೈಯೊಳಗೆ ಮರಿ ಮಾಡುವಾಗ ಕೆಲಸಕ್ಕೆ ಬೇಕಾದ ಬೇರೆ ಪ್ರೋಟೀನುಗಳನ್ನ ಮಾಡುತ್ತೆ. ತ್ರೀ ಎಬಿಸಿ ಅನ್ನುವುದು ಅದರಲ್ಲಿ ಒಂದು. ಇವು ಚಿಪ್ಪಿನಲ್ಲಿ ಇರುವುದಿಲ್ಲ. ಲಸಿಕೆ ಮಾಡುವವರು ಇವನ್ನ ಸೋಸಿ ತೆಗೆದಿರುತ್ತಾರೆ. ಆದ್ದರಿಂದ ಒಳ್ಳೆ ಲಸಿಕೆ ಬಿದ್ದ ಹಸುವಿನಲ್ಲಿ ಚಿಪ್ಪಿನ ಮೇಲೆ ಮಾತ್ರ ಪ್ರತಿಕಾಯ ಇರುತ್ತೆ. ನಿಜವಾದ ರೋಗ ಬಂದು ಹೋದದ್ದರಲ್ಲಿ ಎರಡೂ ಇರುತ್ತೆ. ನಮ್ಮ ಮೂರರಲ್ಲೂ ತ್ರೀ ಎಬಿಸಿ ಮೇಲೆ ಇತ್ತು. ಭಾವನ ಹಸುವಿನಲ್ಲಿ ಇರಲಿಲ್ಲ. ಅಂದರೆ ಅದಕ್ಕೆ ವೈರಸ್ಸೂ ತಾಗಿಲ್ಲ, ಲಸಿಕೆಯೂ ಹಿಡಿದಿಲ್ಲ. ತೋಟದ ಮನೆಯಲ್ಲಿ ಒಂಟಿಯಾಗಿದ್ದದ್ದಕ್ಕೆ ಬಚಾವಾಯಿತು ಅಷ್ಟೇ.

ಇದನ್ನ ಕೇಳಿದಾಗ ಲಸಿಕೆಯ ಮೇಲಿದ್ದ ಸಿಟ್ಟು ಇಳಿದು ನನ್ನ ಮೇಲೇ ತಿರುಗಿತು. ಸರ್ಕಾರದ್ದು ನೀರು ಅಂತ ಅವನು ಹೇಳಿದಾಗ ತಲೆ ಆಡಿಸಿದ್ದು ನಾನೇ ಅಲ್ವಾ. ನೀರು ಹಾಕಿದವನು ಅವನು. ಊರೂರು ಅದೇ ಚಪ್ಪಲಿ, ಅದೇ ಸೂಜಿಯಲ್ಲಿ ತಿರುಗಿದವನು ರೋಗವನ್ನೂ ಹೊತ್ತು ತಂದಿರಬಹುದು ಅಂತ ಮೇಡಂ ಅಂದರು. ಅದನ್ನ ಯಾರೂ ಸಾಬೀತು ಮಾಡೋಕಾಗಲ್ಲ.

ಕೆಲವರು ಕೇಳುತ್ತಾರೆ, ರೋಗ ಬಂದು ಹೋಯಿತಲ್ಲ, ಇನ್ನು ಲಸಿಕೆ ಯಾಕೆ ಅಂತ. ಬೇಕು. ಒಂದು ಬಗೆಯ ವೈರಸ್ ಬಂದು ಹೋದರೆ ಇನ್ನೊಂದು ಬಗೆಗೆ ರಕ್ಷಣೆ ಸಿಗಲ್ಲ. ಮತ್ತೆ ಗುಣವಾದ ಹಸುವಿನ ಗಂಟಲಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ವೈರಸ್ ಉಳಿಯಬಹುದು. ಸಂತೆಯಲ್ಲಿ "ರೋಗ ಬಂದು ಹೋಗಿದೆ, ಇನ್ನು ಬರಲ್ಲ" ಅಂತ ಹೇಳಿ ಮಾರುವ ಹಸುವನ್ನ ತಂದು ನೇರ ಕೊಟ್ಟಿಗೆಗೆ ಕಟ್ಟುವ ಮುಂಚೆ ಇದು ನೆನಪಿರಲಿ. ಕರುವಿಗೆ ನಾಲ್ಕು ತಿಂಗಳಿಗೆ ಮೊದಲ ಲಸಿಕೆ, ಒಂದು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಮೊದಲನೆಯದು ಹಾಕಿಸಿ ಎರಡನೆಯದು ಮರೆಯುವವರೇ ನಮ್ಮಲ್ಲಿ ಜಾಸ್ತಿ.

ಆಲೂಗಡ್ಡೆ ಬಿತ್ತನೆಗೆ ಇಟ್ಟಿದ್ದ ದುಡ್ಡು ಔಷಧಿ, ಹಿಂಡಿಗೆ ಹೋಯಿತು. ಜರ್ಸಿ ಚೇತರಿಸಿಕೊಂಡಿದೆ. ದೊಡ್ಡ ಎಚ್‌ಎಫ್ ಮೈಮೇಲೆ ಕೂದಲು ದಟ್ಟವಾಗಿ ಬೆಳೆದು, ಸ್ವಲ್ಪ ಬಿಸಿಲಾದರೂ ನಾಯಿಯ ಹಾಗೆ ತೇಕುತ್ತೆ. ಗಬ್ಬವೂ ನಿಲ್ಲುತ್ತಿಲ್ಲ. ಹಲಸಿನ ಮರದ ನೆರಳಲ್ಲಿ ಕಟ್ಟಿ ಹಾಕಿದ್ದೇವೆ, ಮಾರೋಕೂ ಮನಸ್ಸು ಬರುತ್ತಿಲ್ಲ.

ಮುಂದಿನ ಸುತ್ತಿಗೆ ಅದೇ ಹುಡುಗಿ ಬಂದಳು. ಕೇಳುವ ಮುಂಚೆಯೇ ಡಬ್ಬದ ಮುಚ್ಚಳ ತೆಗೆದು ತೋರಿಸಿದಳು. ನಮ್ಮ ಕಥೆ ಅವಳಿಗೂ ಗೊತ್ತಾಗಿತ್ತು ಅನ್ನಿಸುತ್ತೆ. ಬಾಟಲಿ ಕೈಯಲ್ಲಿ ಹಿಡಿದರೆ ತಣ್ಣಗೆ ಕೊರೆಯುತ್ತಿತ್ತು. ಎರಡು ದಿನ ಹಾಲು ಒಂದೆರಡು ಲೀಟರ್ ಇಳಿಯಿತು, ಮೂರನೇ ದಿನ ಸರಿಹೋಯಿತು.

ಬೈಕಿನವನ ಫೋನು ಸ್ವಿಚ್ ಆಫ್ ಬರುತ್ತಿದೆ. ಈಗ ಬೇಲೂರು ಕಡೆ ತಿರುಗುತ್ತಿದ್ದಾನೆ ಅಂತ ಯಾರೋ ಅಂದರು, ನಿಜವೋ ಸುಳ್ಳೋ. ಯಾರೇ ಬರಲಿ, ಹಸು ಹಿಡಿಯುವ ಮುಂಚೆ ಪೆಟ್ಟಿಗೆ ತೆಗೆಸಿ ಬಾಟಲಿ ಕೈಗೆ ಇಸಿದುಕೊಳ್ಳಿ. ತಣ್ಣಗಿಲ್ಲ ಅಂದರೆ ನೀರು ಕೊಟ್ಟು ಕಳಿಸಿಬಿಡಿ.