ಅಡಿಕೆ ತೋಟದ ಸಂವೇದಕಗಳಿಗೆ ಅಪಾಚೆ ಜೆನಾ ಫುಸೆಕಿ: ನನ್ನ ಅಂಕ ಐದಕ್ಕೆ ನಾಲ್ಕು

ತೋಟದ ತುಂಬ ಒಂದೇ ಕಂಪನಿಯ ಸಂವೇದಕಗಳನ್ನು ಹಾಕಿಸಿದವರಿಗೆ ಈ ತಂತ್ರಾಂಶ ಬೇಕಿಲ್ಲ. ಆ ಕಂಪನಿಯ ಆ್ಯಪ್ ಸಾಕು. ಶಿರಸಿ ಕಡೆಯ ನಮ್ಮ ತೋಟದ ಕಥೆ ಬೇರೆ. ಮಣ್ಣಿನ ತೇವ ಅಳೆಯುವ ಕಡ್ಡಿಗಳು ಒಬ್ಬರವು, ಗಾಳಿಯ ಉಷ್ಣತೆ, ಆರ್ದ್ರತೆ ನೋಡುವ ಡಬ್ಬಿಗಳು ಇನ್ನೊಬ್ಬರವು, ಪಂಪಿನ ಮೀಟರು ತಮ್ಮ ಜೋಡಿಸಿಕೊಟ್ಟದ್ದು. ಒಂದು ಸೆಲ್ಸಿಯಸ್‌ನಲ್ಲಿ ಲೆಕ್ಕ ಕೊಟ್ಟರೆ ಇನ್ನೊಂದಕ್ಕೆ ಫ್ಯಾರನ್‌ಹೀಟೇ ಆಗಬೇಕು. ಯಾವ ಡಬ್ಬಿ ಯಾವ ತಾಕಿನಲ್ಲಿದೆ ಎಂಬ ದಾಖಲೆ ನನ್ನ ತಲೆಯೊಳಗೆ ಮಾತ್ರ ಇತ್ತು.

ಫುಸೆಕಿ ಆ ದಾಖಲೆಯನ್ನು ‘ಇದು, ಇದರ ಸಂಬಂಧ, ಅದು’ ಎಂಬ ಚಿಕ್ಕ ಸಾಲುಗಳಾಗಿ ಇಟ್ಟುಕೊಂಡು, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಸರ್ವರ್. ಅದರ ಮೂಲವಾದ ಜೆನಾ 2000ದಲ್ಲಿ ಬ್ರಿಸ್ಟಲ್‌ನ ಎಚ್‌ಪಿ ಪ್ರಯೋಗಾಲಯದಲ್ಲಿ ಹುಟ್ಟಿ ಈಗ ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿದೆ, ಕಾಸು ಕೊಡಬೇಕಿಲ್ಲ. ಜಾವಾ 17 ಇದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ತಕರಾರಿಲ್ಲದೆ ಓಡುತ್ತಿದೆ. ಸಂವೇದಕ, ವೀಕ್ಷಣೆ, ಅಳೆಯುವ ಗುಣ (ತೇವ, ಉಷ್ಣತೆ), ಅಳೆಯಲ್ಪಡುವ ವಸ್ತು (ಮಣ್ಣು, ಗಾಳಿ) ಇವನ್ನು ಹೆಸರಿಸಲು 2017ರಲ್ಲಿ ಜಾಲದ ಮಾನಕ ರೂಪಿಸುವ ಡಬ್ಲ್ಯು3ಸಿ ಮತ್ತು ಭೂಮಾಹಿತಿಯ ಮಾನಕ ರೂಪಿಸುವ ಒಜಿಸಿ ಸಂಸ್ಥೆಗಳು ಒಟ್ಟಾಗಿ ಹೊರತಂದ ಸೋಸಾ ಎಂಬ ಪದಕೋಶವನ್ನು, ಅಂದರೆ ಸಿದ್ಧ ಹೆಸರುಗಳ ಪಟ್ಟಿಯನ್ನು, ಬಳಸಿದ್ದೇನೆ. ಅಳತೆಯ ಮಾನಗಳಿಗೆ ಕ್ಯುಡಿಟಿ ಪದಕೋಶ. ಪರಿವರ್ತನೆಯ ಗುಣಕಗಳು ಅದರಲ್ಲೇ ಇರುವುದರಿಂದ ಫ್ಯಾರನ್‌ಹೀಟ್ ಜಗಳ ಪ್ರಶ್ನೆಯೊಳಗೇ ತೀರುತ್ತದೆ.

ಇದರ ನಿಜವಾದ ರುಚಿ ಸಿಗುವುದು ಇಂಥ ದಾಖಲೆಗಳನ್ನು ಪ್ರಶ್ನಿಸಲೆಂದೇ ಇರುವ ಸ್ಪಾರ್ಕಲ್ ಭಾಷೆಯಲ್ಲಿ ಪ್ರಶ್ನೆ ಕೇಳಿದಾಗ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಕಾಳುಮೆಣಸು ಹಬ್ಬಿಸಿರುವ, ಬಸಿಗಾಲುವೆ ಸರಿಯಿಲ್ಲದ ತಾಕುಗಳಲ್ಲಿ ತೇವ ಅಳೆಯುವ ಸಂವೇದಕಗಳು ಯಾವುವು?’ ನೀರು ನಿಂತಲ್ಲಿ ಮೆಣಸಿನ ಬಳ್ಳಿಗೆ ಸೊರಗು ರೋಗ ಬರುವ ಭಯವಿರುವುದರಿಂದ ಮಳೆಗಾಲದಲ್ಲಿ ನನಗೆ ಬೇಕಾದ ಪ್ರಶ್ನೆ ಇದೇ. ಬೆಳೆ, ಕಾಲುವೆ, ಯಂತ್ರ ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಲು ಯಾವ ಕಂಪನಿಯ ಆ್ಯಪ್ ನನಗೆ ಬಿಟ್ಟಿರಲಿಲ್ಲ. ಹಾಳಾದ ಕಡ್ಡಿಯ ಜಾಗಕ್ಕೆ ಬೇರೆ ಕಂಪನಿಯದು ಬಂದರೂ ಅದರ ವಿವರವನ್ನಷ್ಟೇ ಸೇರಿಸಿದರಾಯಿತು, ಪ್ರಶ್ನೆ ಹಾಗೆಯೇ ಇರುತ್ತದೆ. ಹೆಸರುಗಳಿಗೆ ಕನ್ನಡ ಪಟ್ಟಿ ಹಚ್ಚಬಹುದಾದ್ದರಿಂದ ಉತ್ತರವೂ ‘ಕೆಳತೋಟ’, ‘ಹೊಳೆಬದಿ’ ಎಂದೇ ಬರುತ್ತದೆ.

ಕಳೆದ ಒಂದು ಅಂಕ ಯಾಕೆಂದರೆ, ಪ್ರಶ್ನೆಯಲ್ಲಿ ಗುಣದ ಹೆಸರಿನ ಒಂದಕ್ಷರ ತಪ್ಪಿದರೂ ಸ್ಪಾರ್ಕಲ್ ದೂರುವುದಿಲ್ಲ, ಖಾಲಿ ಕೋಷ್ಟಕವನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಅಂಥ ಸಂವೇದಕವೇ ಇಲ್ಲವೋ, ಕಾಗುಣಿತ ಕೆಟ್ಟಿದೆಯೋ, ನೀವೇ ಹುಡುಕಬೇಕು. ಮಾಹಿತಿ ತುಂಬುವಾಗಲೇ, ದಾಖಲೆ ಸರಿಯಾದ ರೂಪದಲ್ಲಿದೆಯೇ ಎಂದು ನೋಡುವ ಶಾಕಲ್ ನಿಯಮಗಳಿಂದ ಪರೀಕ್ಷಿಸಿದರೆ ಅರ್ಧ ತಲೆನೋವು ಕಡಿಮೆ. ಸಹಾಯ ಪುಟಗಳೂ ಪಳಗಿದವರಿಗೆ ಬರೆದಂತಿವೆ.

ಕೊಳ್ಳುವ ಮಾತಿಲ್ಲವಾದರೂ ಎಚ್ಚರಿಕೆಯ ಮಾತೊಂದಿದೆ: ಪ್ರತಿ ಅಳತೆಯನ್ನೂ ಇದಕ್ಕೆ ಸುರಿಯಬೇಡಿ. ಒಂದು ಸಂಖ್ಯೆಗೆ ಸಮಯ, ಸಂವೇದಕ, ಗುಣ, ವಸ್ತು ಎಂದು ಐದಾರು ಸಾಲು ಹುಟ್ಟುತ್ತವೆ. ಅಳಿಸಿದರೂ ಡಿಸ್ಕಿನ ಜಾಗ ತಾನಾಗಿ ಮರಳುವುದಿಲ್ಲ, ಸಂಕ್ಷೇಪಿಸುವ ಆಜ್ಞೆ ಕೊಡಬೇಕು. ನಾನು ಅಳತೆಗಳನ್ನು ಎಸ್‌ಕ್ಯುಲೈಟ್ ಎಂಬ ಸರಳ ದತ್ತಾಂಶ ಕಡತದಲ್ಲಿಟ್ಟು, ಯಾವ ತಾಕಿನ ಬೆಳೆ, ಕಾಲುವೆ ಹೇಗಿವೆ, ಯಾವ ಯಂತ್ರ ಎಲ್ಲಿ ಏನನ್ನು ಯಾವ ಮಾನದಲ್ಲಿ ಅಳೆಯುತ್ತದೆ ಎಂಬುದನ್ನು ಮಾತ್ರ ಫುಸೆಕಿಗೆ ಒಪ್ಪಿಸಿದ್ದೇನೆ. ಬೇರೆ ಯಂತ್ರಗಳು ಅದನ್ನು ತಲುಪುವ ಬಾಗಿಲಾದ 3030ನೇ ಪೋರ್ಟನ್ನು ಮನೆಯ ಜಾಲದ ಹೊರಗೆ ತೆರೆಯುವ ಯೋಚನೆಯಿದ್ದರೆ ಮೊದಲು, ಯಾರನ್ನು ಒಳಬಿಡಬೇಕೆಂದು ಹೇಳುವ ಶಿರೋ ಕಡತದಲ್ಲಿ ಗುಪ್ತಪದ ಹಾಕಿ.