ಹೆಸರು ಒಂದೇ, ದರ ಎರಡು: ಕುಂಬಳೆ ಪರಿಸರದ ಸಣ್ಣ ಸೂಪರ್‌ಮಾರ್ಕೆಟ್ ಶಾಖೆಯ ಬಗ್ಗೆ

ಕಾಸರಗೋಡು ನಗರದಲ್ಲಿ ದೊಡ್ಡ ಮಳಿಗೆ ನಡೆಸುತ್ತಿರುವ ಸೂಪರ್‌ಮಾರ್ಕೆಟ್ ಸಂಸ್ಥೆಯೊಂದು ಕುಂಬಳೆ ಸಮೀಪ, ಹೆದ್ದಾರಿಯ ಸರ್ವಿಸ್ ರಸ್ತೆಗೆ ತಾಗಿಕೊಂಡು ಸಣ್ಣದೊಂದು ಶಾಖೆಯನ್ನು ತೆರೆದಿದೆ. ಅಂಗಡಿ ಶುಚಿಯಾಗಿದೆ. ಹಾಲು, ಮೊಸರು, ಬ್ರೆಡ್ಡು ಹಳತಾಗಿರುವುದಿಲ್ಲ. ಬೆಳಿಗ್ಗೆ ಬೇಗ ತೆರೆದು ರಾತ್ರಿ ತಡವಾಗಿ ಮುಚ್ಚುವುದರಿಂದ ಕೆಲಸಕ್ಕೆ ಹೋಗಿ ಬರುವವರಿಗೆ ಅನುಕೂಲವಾಗಿದೆ. ಕೌಂಟರಿನಲ್ಲಿ ಕೂರುವವರು ಮಲಯಾಳ, ತುಳು, ಕನ್ನಡ ಮೂರರಲ್ಲೂ ಮರ್ಯಾದೆಯಿಂದ ಮಾತನಾಡುತ್ತಾರೆ. ಇಷ್ಟನ್ನು ಮೊದಲೇ ಹೇಳುವುದು ನ್ಯಾಯ. ನನ್ನ ತಕರಾರು ದರದ ಬಗ್ಗೆ, ಅದರಲ್ಲೂ ಆ ದರವನ್ನು ಗಿರಾಕಿಗೆ ತಿಳಿಸದೆ ಇರುವ ರೀತಿಯ ಬಗ್ಗೆ.

ಒಂದೇ ವಾರದಲ್ಲಿ ಎರಡೂ ಕಡೆ ಕೊಂಡ ಸಾಮಾನುಗಳ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನಗರದ ಮಳಿಗೆಯ ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಎದುರು ಎಂಆರ್‌ಪಿ, ಅದರ ಪಕ್ಕದಲ್ಲಿ ಮಾರಿದ ದರ, ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ ಉಳಿತಾಯದ ಮೊತ್ತ ಇರುತ್ತದೆ. ಸಣ್ಣ ಶಾಖೆಯ ಬಿಲ್ಲಿನ ನಮೂನೆಯೂ ಅದುವೇ. ಆದರೆ ಎರಡೂ ಕಾಲಮ್ಮುಗಳಲ್ಲಿ ಒಂದೇ ಅಂಕಿ, ಉಳಿತಾಯದ ಜಾಗದಲ್ಲಿ ಸೊನ್ನೆ. 210 ರೂಪಾಯಿ ಎಂಆರ್‌ಪಿ ಇರುವ ಬಟ್ಟೆ ಒಗೆಯುವ ಪುಡಿ ಅಲ್ಲಿ 178, ಇಲ್ಲಿ 210. ಸಾಬೂನಿನ ನಾಲ್ಕರ ಕಟ್ಟು, ಚಹಾಪುಡಿ, ಬಿಸ್ಕತ್ತು ಎಲ್ಲದರ ಕಥೆಯೂ ಇಷ್ಟೇ. ತರಕಾರಿಯ ಮೇಲೆ ಎಂಆರ್‌ಪಿಯೇ ಇಲ್ಲದ ಕಾರಣ ಅಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಅಲಸಂಡೆಗೆ ನಗರದಲ್ಲಿ ಕೊಟ್ಟದ್ದಕ್ಕಿಂತ ಕಿಲೊಗೆ 18 ರೂಪಾಯಿ ಹೆಚ್ಚು ಕೊಟ್ಟಿದ್ದೇನೆ.

ಇದರಲ್ಲಿ ಕಾನೂನಿನ ಉಲ್ಲಂಘನೆ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ಎಲ್ಲ ತೆರಿಗೆಗಳೂ ಸೇರಿ ಮುದ್ರಿಸಿದ ಗರಿಷ್ಠ ದರಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಕಡಿಮೆಗೆ ಮಾರಬಹುದು, ಎಷ್ಟು ಕಡಿಮೆಗೆ ಎಂಬುದು ವ್ಯಾಪಾರಿಯ ಇಷ್ಟ. ಒಂದೇ ಬಗೆಯ ಪೊಟ್ಟಣಕ್ಕೆ ಎರಡು ಬೇರೆ ಬೇರೆ ಎಂಆರ್‌ಪಿ ಮುದ್ರಿಸುವುದನ್ನು 2018ರ ಜನವರಿ 1ರಿಂದ ನಿಷೇಧಿಸಲಾಗಿದೆ. ಹಾಗಾಗಿ ನಮ್ಮಲ್ಲಿ ಸಣ್ಣ ಶಾಖೆಯ ದುಬಾರಿತನ ಬೆಲೆ ಏರಿಕೆಯ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ, ದೊಡ್ಡ ಮಳಿಗೆಯಲ್ಲಿ ಕೊಡುವ ರಿಯಾಯಿತಿಯನ್ನು ಇಲ್ಲಿ ಕೊಡದಿರುವ ರೂಪದಲ್ಲಿ ಬರುತ್ತದೆ. ಪೊಟ್ಟಣದ ಮೇಲಿರುವ ಬೆಲೆಯನ್ನೇ ಕೊಟ್ಟ ಗಿರಾಕಿಗೆ ತಾನು ಹೆಚ್ಚು ತೆತ್ತೆ ಎಂದು ಅನಿಸುವುದೇ ಇಲ್ಲ. ಬ್ರಿಟನ್ನಿನಲ್ಲಿ ಎಂಆರ್‌ಪಿಯ ಪದ್ಧತಿ ಇಲ್ಲದಿರುವುದರಿಂದ ಟೆಸ್ಕೊ ಎಕ್ಸ್‌ಪ್ರೆಸ್, ಸೇನ್ಸ್‌ಬರೀಸ್ ಲೋಕಲ್ ಮುಂತಾದ ಸಣ್ಣ ಶಾಖೆಗಳು ಕಪಾಟಿನ ಚೀಟಿಯಲ್ಲೇ ಹೆಚ್ಚಿನ ಬೆಲೆ ಬರೆಯುತ್ತವೆ, ವಿಚ್ ಎಂಬ ಗ್ರಾಹಕ ಸಂಘಟನೆ ದೊಡ್ಡ ಮಳಿಗೆಯ ದರದೊಂದಿಗೆ ಅದನ್ನು ಹೋಲಿಸಿ ಪ್ರಕಟಿಸುತ್ತದೆ. ಇಲ್ಲಿ ಹಾಗೆ ಹೋಲಿಸಬೇಕಾದರೆ ಎರಡು ಬಿಲ್ಲುಗಳನ್ನು ಮನೆಯಲ್ಲಿ ಜೋಪಾನ ಮಾಡಿ ಇಟ್ಟುಕೊಳ್ಳಬೇಕು.

ಹೆಚ್ಚು ಯೋಚಿಸಬೇಕಾದದ್ದು ಪೊಟ್ಟಣದ ಗಾತ್ರದ ವಿಷಯ. ನಗರದಲ್ಲಿ ತೊಗರಿಬೇಳೆ, ಉದ್ದಿನಬೇಳೆ, ಕುಚ್ಚಿಲಕ್ಕಿ ಎಲ್ಲವನ್ನೂ ಡಬ್ಬಿಗಳಿಂದ ಬೇಕಾದಷ್ಟು ಅಳೆದು ತೆಗೆದುಕೊಳ್ಳಬಹುದು. ಸಣ್ಣ ಶಾಖೆಯಲ್ಲಿ ಬಿಡಿ ಸಾಮಾನು ಇಲ್ಲ. ಸಂಸ್ಥೆಯದ್ದೇ ಹೆಸರು ಹೊತ್ತ ಅರ್ಧ ಕಿಲೊ, ಕಾಲು ಕಿಲೊ ಪೊಟ್ಟಣಗಳು ಮಾತ್ರ. ಆ ಪೊಟ್ಟಣದ ಎಂಆರ್‌ಪಿಯನ್ನು ನಿಗದಿ ಮಾಡುವುದೂ ಸಂಸ್ಥೆಯೇ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿಬೇಳೆಗೆ ಶೇಕಡಾ 5 ಜಿಎಸ್‌ಟಿ ಬಿದ್ದಿದೆ, ಬಿಡಿಯಾಗಿ ಅಳೆದು ಕೊಡುವುದಕ್ಕೆ ಅದಿಲ್ಲ. ಅರ್ಧ ಕಿಲೊ ತೊಗರಿಬೇಳೆಗೆ ನಾನು ಕೊಟ್ಟದ್ದು 98 ರೂಪಾಯಿ. ಪೊಟ್ಟಣದ ಹಿಂಬದಿಯಲ್ಲಿ, ಪ್ಯಾಕ್ ಮಾಡಿದ ತಿಂಗಳಿನ ಕೆಳಗೆ, ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಗ್ರಾಮಿಗೆ 0.20 ರೂಪಾಯಿ ಎಂದು ಬರೆದಿತ್ತು. ಒಂದು ಕಿಲೊಗಿಂತ ಕಡಿಮೆ ತೂಕದ ಪೊಟ್ಟಣದ ಮೇಲೆ ಗ್ರಾಮಿನ ಲೆಕ್ಕ, ಹೆಚ್ಚಿನದರ ಮೇಲೆ ಕಿಲೊದ ಲೆಕ್ಕ ನಮೂದಿಸುವುದು ನಿಯಮ. ಇಪ್ಪತ್ತು ಪೈಸೆ ಎಂದು ಓದಿದವರಿಗೆ ಅದು ಕಿಲೊಗೆ ಹತ್ತಿರ ಹತ್ತಿರ 200, ಸರಿಯಾಗಿ ಹೇಳಿದರೆ 196 ರೂಪಾಯಿ ಆಗುತ್ತದೆ ಎಂದು ಥಟ್ಟನೆ ಹೊಳೆಯುವುದಿಲ್ಲ. ಅದೇ ವಾರ ನಗರದ ಡಬ್ಬಿಯಲ್ಲಿದ್ದ ಬೇಳೆಯ ದರ 164.

ಸಣ್ಣ ಅಂಗಡಿಯ ಖರ್ಚು ನನಗೆ ಅರ್ಥವಾಗುತ್ತದೆ. ರಸ್ತೆಬದಿಯ ಕಟ್ಟಡಕ್ಕೆ ಬಾಡಿಗೆ ಹೆಚ್ಚು, ಹಿಂದುಗಡೆ ದಾಸ್ತಾನು ಇಡಲು ಕೋಣೆ ಇಲ್ಲ, ಆದ್ದರಿಂದ ಸಣ್ಣ ವ್ಯಾನಿನಲ್ಲಿ ಪದೇ ಪದೇ ಸಾಮಾನು ತರಿಸಬೇಕು. ವ್ಯಾಪಾರ ಎಷ್ಟೇ ಆಗಲಿ, ಫ್ರೀಜರು ಹಗಲೂ ರಾತ್ರಿ ಓಡಲೇಬೇಕು, ಕೌಂಟರಿನಲ್ಲಿ ಇಬ್ಬರು ಇರಲೇಬೇಕು. ಇದಕ್ಕಾಗಿ ನಾಲ್ಕು ಕಾಸು ಹೆಚ್ಚು ಕೇಳಿದರೆ ನಾನು ಬೇಡ ಎನ್ನುವುದಿಲ್ಲ. ಆದರೆ ನಗರದ ಮಳಿಗೆಯ ರಿಯಾಯಿತಿಯನ್ನು ಸಾರುವ ಬಣ್ಣದ ಕರಪತ್ರವನ್ನೇ ಪತ್ರಿಕೆಯೊಳಗೆ ಮಡಚಿ ನಮ್ಮ ಮನೆಗಳಿಗೂ ಹಂಚಿ, ಅದೇ ಬೋರ್ಡು, ಅದೇ ಬಣ್ಣ, ಅದೇ ಕೈಚೀಲ ತೋರಿಸಿ, ಒಳಗೆ ಬಂದವರಿಗೆ ಬೇರೆ ದರ ಹಾಕುವುದು ಸರಿಯಲ್ಲ. ಕರಪತ್ರದ ತಳದಲ್ಲಿ, ಕೊಡುಗೆ ಆಯ್ದ ಶಾಖೆಗಳಿಗೆ ಮಾತ್ರ ಅನ್ವಯ ಎಂಬ ಸಾಲು ಇದೆ. ಅದು ಇರುವುದು ಮಲಯಾಳದಲ್ಲಿ ಮಾತ್ರ. ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆಯಲ್ಲಿ ಕನ್ನಡ ಶಾಲೆಯಲ್ಲಿ ಕಲಿತು, ಮಲಯಾಳ ಮಾತನಾಡಬಲ್ಲ ಆದರೆ ಓದಲಾರದ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಸರಕಾರಕ್ಕೆ ಕನ್ನಡದಲ್ಲೇ ಪತ್ರ ಬರೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟಿದೆ. ಖಾಸಗಿ ಅಂಗಡಿಗೆ ಅಂತಹ ಕಟ್ಟುಪಾಡು ಇಲ್ಲ, ನಿಜ. ಆದರೆ ಅದೇ ಕರಪತ್ರದ ತಲೆಬರಹವನ್ನು ಕನ್ನಡದಲ್ಲಿಯೂ ಅಚ್ಚು ಹಾಕಿಸಲು ಸಾಧ್ಯವಾದವರಿಗೆ ಷರತ್ತನ್ನು ಕನ್ನಡದಲ್ಲಿ ಹಾಕಿಸುವುದು ಕಷ್ಟವಾಗಬಾರದಿತ್ತು.

ಬೇರೆ ಅಂಗಡಿಗೆ ಹೋಗಬಹುದಲ್ಲ ಎಂದು ಕೇಳುವವರು ಈಗಿನ ರಸ್ತೆಯನ್ನು ಒಮ್ಮೆ ನೋಡಬೇಕು. ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಈಚೆ ಆರು ಪಥವಾದ ಮೇಲೆ ಎದುರು ಬದಿಯ ಅಂಗಡಿ ಕಣ್ಣಿಗೆ ಕಂಡರೂ ಕಾಲಿಗೆ ಸಿಗುವುದಿಲ್ಲ. ಅಂಡರ್‌ಪಾಸಿನವರೆಗೆ ನಡೆದು, ಸುತ್ತಿ ಬರಬೇಕು. ಮೊಣಕಾಲು ನೋವಿರುವವರಿಗೆ, ಸ್ಕೂಟರ್ ಇಲ್ಲದವರಿಗೆ ತಮ್ಮ ಬದಿಯಲ್ಲಿರುವ ಅಂಗಡಿಯೇ ಗತಿ. ಹೆಚ್ಚು ದರ ತೆರುತ್ತಿರುವವರು ಇವರೇ. ಕಾರು ಇರುವ ನಾವು ತಿಂಗಳ ಸಾಮಾನನ್ನು ನಗರದಿಂದ ತಂದುಬಿಡುತ್ತೇವೆ.

ಹಾಗಾದರೆ ಇಲ್ಲಿ ಏನು ಕೊಳ್ಳಬಹುದು? ಹಾಲು, ಮೊಸರು, ಬ್ರೆಡ್ಡು, ಔಷಧಿಯಂತೆ ತುರ್ತಿಗೆ ಬೇಕಾದ ಸಣ್ಣಪುಟ್ಟ ವಸ್ತುಗಳನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಅಕ್ಕಿ, ಬೇಳೆ, ತೆಂಗಿನೆಣ್ಣೆಗೆ ಪೇಟೆಯ ಹಳೆಯ ಜಿನಸಿನ ಅಂಗಡಿಗಳೇ ಮೇಲು. ಅಲ್ಲಿ ಬೇಳೆಯನ್ನು ಅಂಗೈಗೆ ಹಾಕಿ ತೋರಿಸುತ್ತಾರೆ, ಗುರುತಿನವರಿಗೆ ಲೆಕ್ಕ ಬರೆದುಕೊಂಡು ಕೊಡುತ್ತಾರೆ. ರೇಷನ್ ಕಾರ್ಡು ಇರುವವರು ಕೇರಳ ಸರಕಾರದ ಸಪ್ಲೈಕೋ ಸಂಸ್ಥೆ ನಡೆಸುವ ಮಾವೇಲಿ ಸ್ಟೋರಿನಲ್ಲಿ ವಿಚಾರಿಸುವುದು ಒಳ್ಳೆಯದು, ದಾಸ್ತಾನು ಬಂದಿದ್ದರೆ ಸಬ್ಸಿಡಿ ದರದ ಸಾಮಾನು ಸಿಗುತ್ತದೆ. ತರಕಾರಿಯನ್ನು ನಾನು ಈ ಶಾಖೆಯಲ್ಲಿ ಕೊಳ್ಳುವುದನ್ನು ಬಿಟ್ಟಿದ್ದೇನೆ.

ಶಾಖೆಯ ಮೇಲ್ವಿಚಾರಕರಲ್ಲಿ ಈ ವಿಷಯ ಪ್ರಸ್ತಾಪಿಸಿದಾಗ, ದರ ಬರುವುದು ಮುಖ್ಯ ಕಚೇರಿಯಿಂದ, ಕಂಪ್ಯೂಟರಿನಲ್ಲಿ ಬಂದದ್ದನ್ನು ಬದಲಿಸಲು ತಮಗೆ ಅಧಿಕಾರವಿಲ್ಲ ಎಂದು ವಿನಯದಿಂದಲೇ ಹೇಳಿದರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಮುಖ್ಯ ಕಚೇರಿಗೆ ಪತ್ರ ಬರೆದು ಎರಡು ಸಂಗತಿಗಳನ್ನು ಕೇಳಿದ್ದೇನೆ: ನಗರದ ಮಳಿಗೆಯ ದರ ಈ ಶಾಖೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಬಾಗಿಲಲ್ಲೇ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಹಾಕಬೇಕು, ಅಕ್ಕಿಬೇಳೆಯ ಕಪಾಟಿನ ಚೀಟಿಯಲ್ಲಿ ಪೊಟ್ಟಣದ ಬೆಲೆಯ ಪಕ್ಕ ಕಿಲೊದ ಬೆಲೆಯನ್ನೂ ಕಣ್ಣಿಗೆ ಕಾಣುವ ಅಕ್ಷರದಲ್ಲಿ ನಮೂದಿಸಬೇಕು. ಉತ್ತರ ಬಂದರೆ ಈ ಬರಹಕ್ಕೆ ಸೇರಿಸುತ್ತೇನೆ.