ಮಡುವಿಗೆ ಇಳಿಯುವ ಮುನ್ನ ಅದರ ಕೆಳಬಾಯಿಯನ್ನು ನೋಡಿ

ಬೆಟ್ಟದಿಂದ ಇಳಿಯುವ ಹೊಳೆಗಳು ಬಂಡೆಗಳ ನಡುವೆ ಅಲ್ಲಲ್ಲಿ ತಂಗಿ ಮಡುಗಳಾಗುತ್ತವೆ. ತಳದ ಕಲ್ಲುಗಳು ಕಾಣುವಷ್ಟು ತಿಳಿಯಾದ ಇಂಥ ನೀರಿನಲ್ಲಿ ಈಜಲು ಹೋಗುವವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಆಳವಿದೆ? ನಮಗೆ ಆ ಜಾಗವನ್ನು ತೋರಿಸಿಕೊಟ್ಟವರೂ ಆಳದ ಬಗ್ಗೆಯೇ ಎಚ್ಚರಿಸಿದ್ದರು. ಆದರೆ ನನ್ನ ಚಿಕ್ಕಪ್ಪನ ಮಗನ ಪ್ರಾಣಕ್ಕೆ ಕುತ್ತು ಬಂದದ್ದು ಮಡುವಿನಿಂದ ನೀರು ಹೊರಬೀಳುವ ಕಡೆ, ಅವನ ತೊಡೆಯ ಮಟ್ಟದ ನೀರಿನಲ್ಲಿ. ಅವನು ಉಳಿದಿದ್ದಾನೆ. ಇಂಥ ಜಾಗಕ್ಕೆ ಹೋಗುವ ಇತರರಿಗೆ ಈ ಸಂಗತಿ ಮೊದಲೇ ತಿಳಿದಿರಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆ ಮಡುವಿಗೆ ಮೇಲ್ಗಡೆಯಿಂದ ಆಳೆತ್ತರದ ಬಂಡೆಯೊಂದರ ಮೇಲಿಂದ ನೀರು ಧುಮುಕುತ್ತಿತ್ತು. ನಡುವೆ ಅಗಲವಾದ, ಹಸಿರು ಬಣ್ಣದ, ನಿಂತಂತೆ ಕಾಣುವ ನೀರು. ಕೆಳತುದಿಯಲ್ಲಿ ಎರಡು ದೊಡ್ಡ ಬಂಡೆಗಳು ಒಂದಕ್ಕೊಂದು ಹತ್ತಿರ ಬಂದು ಕೆಲವೇ ಹೆಜ್ಜೆ ಅಗಲದ ಕಿಂಡಿಯಾಗಿತ್ತು. ಮಡುವಿನ ನೀರೆಲ್ಲ ಆ ಕಿಂಡಿಯಿಂದ ಹೊರಬಿದ್ದು, ಉರುಟು ಕಲ್ಲುಗಳು ತುಂಬಿದ ಇಳಿಜಾರಿನಲ್ಲಿ ಹರಿಯುತ್ತಿತ್ತು. ನಾವು ಕುಳಿತಿದ್ದ ಕಡೆಯಿಂದ ಆ ಇಳಿಜಾರು ಕಾಣುತ್ತಿರಲಿಲ್ಲ. ಕಿಂಡಿಯ ಬಳಿ ನೀರಿನ ಮೇಲ್ಮೈ ಗಾಜಿನಂತೆ ನುಣುಪಾಗಿ ಬಾಗಿರುವುದು ಮಾತ್ರ ಕಾಣುತ್ತಿತ್ತು, ಮತ್ತು ಅದು ನೋಡಲು ಬಹಳ ಚೆನ್ನಾಗಿಯೇ ಇತ್ತು.

ನನ್ನ ತಮ್ಮ ಬಾಲ್ಯದಿಂದಲೂ ಚೆನ್ನಾಗಿ ಈಜುವವನು. ಅವನು ಮಡುವಿನ ನಡುವೆ ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡು ತೇಲುತ್ತಿದ್ದ. ನೀರು ನಿಂತಂತೆ ಕಂಡರೂ ಅದು ಹೊಳೆಯೇ ಆಗಿರುವುದರಿಂದ ನಿಧಾನವಾಗಿ ಸಾಗುತ್ತಲೇ ಇರುತ್ತದೆ. ತೇಲುವವನಿಗೆ ಆ ಚಲನೆ ಗೊತ್ತಾಗುವುದಿಲ್ಲ, ಏಕೆಂದರೆ ಅವನ ಸುತ್ತಲಿನ ನೀರೂ ಅವನ ಜೊತೆಯಲ್ಲೇ ಸಾಗುತ್ತದೆ. ಕಿಂಡಿ ಹತ್ತಿರವಾದಾಗ ಸೆಳವು ಒಮ್ಮೆಲೇ ಹೆಚ್ಚಿತು. ಅವನು ಮಗುಚಿಕೊಂಡು ದಡದ ಕಡೆಗೆ ಕೈ ಬೀಸಿದ್ದನ್ನು ನಾನು ಕಂಡೆ, ಅಷ್ಟರಲ್ಲಿ ಕಿಂಡಿಯಿಂದಾಚೆ ಜಾರಿಹೋದ. ನಾವು ಬಂಡೆ ಹತ್ತಿ ಓಡಿ ನೋಡುವ ಹೊತ್ತಿಗೆ ಅವನು ಇಳಿಜಾರಿನ ನಡುವೆ ನಿಂತಿದ್ದ. ಕಾಲಿಗೆ ನೆಲ ಸಿಕ್ಕಿದೆ, ಇನ್ನು ಭಯವಿಲ್ಲ ಎಂದುಕೊಂಡೆವು.

ನಿಜವಾದ ಅಪಾಯ ಆರಂಭವಾದದ್ದೇ ಅವನು ನಿಂತ ಕ್ಷಣದಿಂದ. ಅವನ ಬಲಗಾಲು ಎರಡು ಕಲ್ಲುಗಳ ಸಂದಿಗೆ ಇಳಿದು ಸಿಕ್ಕಿಕೊಂಡಿತ್ತು. ಹಿಂದಿನಿಂದ ನೀರು ಬೆನ್ನನ್ನು ನೂಕುತ್ತಿದ್ದುದರಿಂದ ದೇಹ ಮುಂದಕ್ಕೆ ಬಾಗುತ್ತಾ ಹೋಯಿತು. ಬಾಗಿದಷ್ಟೂ ನೀರಿಗೆ ತಾಗುವ ಮೈ ಹೆಚ್ಚಾಯಿತು, ನೂಕುವ ಬಲವೂ ಹೆಚ್ಚಾಯಿತು. "ಅಣ್ಣಾ, ಕಾಲು ಬರುತ್ತಿಲ್ಲ" ಎಂದು ಅವನು ಕೂಗಿದ್ದು ನೀರಿನ ಮೊರೆತದಲ್ಲಿ ನನಗೆ ಕೇಳಿಸಲಿಲ್ಲ, ಆಮೇಲೆ ಅವನೇ ಹೇಳಿದ್ದು. ಅವನು ಎರಡೂ ಕೈಗಳನ್ನು ಮುಂದಿದ್ದ ಕಲ್ಲಿಗೆ ಊರಿ ಮುಖವನ್ನು ನೀರಿನಿಂದ ಮೇಲೆ ಹಿಡಿದಿದ್ದ. ಬೆನ್ನಿಗೆ ಬಡಿದ ನೀರು ಕತ್ತಿನ ಎರಡೂ ಬದಿಗೆ ಸೀಳಿ, ಗಲ್ಲದ ಕೆಳಗೆ ಒಂದಿಷ್ಟು ಬಿಡುವಿನ ಜಾಗ ಉಳಿದಿತ್ತು. ಅವನು ಉಸಿರಾಡುತ್ತಿದ್ದದ್ದು ಅಲ್ಲಿ. ಕಲ್ಲಿನ ಮೇಲೆ ಪಾಚಿಯಿತ್ತು, ಕೈಗಳು ಮತ್ತೆ ಮತ್ತೆ ಜಾರುತ್ತಿದ್ದವು.

ನಾನು ನೇರವಾಗಿ ಅವನ ಬಳಿಗೆ ಇಳಿಯಲು ಹೊರಟಾಗ ನಮ್ಮ ಸೋದರಮಾವ ನನ್ನ ತೋಳು ಹಿಡಿದು ನಿಲ್ಲಿಸಿದರು. "ನೀನೂ ಸಿಕ್ಕಿಹಾಕಿಕೊಂಡರೆ ಇಬ್ಬರನ್ನೂ ಎತ್ತುವವರಿಲ್ಲ, ಹಗ್ಗ ತಾ" ಎಂದರು. ಸಾಮಾನು ಕಟ್ಟಲು ತಂದಿದ್ದ ನೈಲಾನ್ ಹಗ್ಗವಿತ್ತು. ಅದರ ಒಂದು ತುದಿಯನ್ನು ಆಚೆ ದಡದಲ್ಲಿದ್ದ ನಮ್ಮವರಿಗೆ ಎಸೆದು, ಎರಡೂ ದಡದಿಂದ ಬಿಗಿಯಾಗಿ ಹಿಡಿದು, ಕೆಳಗಿನಿಂದ ಮೇಲಕ್ಕೆ ತಂದು ಅವನ ಎದೆಗೆ ಅಡ್ಡವಾಗಿ ಒತ್ತಿ ನಿಲ್ಲಿಸಿದೆವು. ಅವನು ತೋಳುಗಳನ್ನು ಹಗ್ಗದ ಮೇಲೆ ಹಾಕಿ ಒರಗಿದ ಮೇಲೆ ತಲೆ ಮೇಲೆ ನಿಂತಿತು. ನಂತರ ಮಾವನವರು ದಡದ ಬದಿಯ ಸೆಳವಿಲ್ಲದ ಕಡೆಯಿಂದ ಬಂಡೆಯನ್ನು ಹಿಡಿದುಕೊಂಡೇ ಹತ್ತಿರ ಹೋಗಿ, ಅವನ ಚಪ್ಪಲಿಯ ಪಟ್ಟಿಯನ್ನು ಬಿಚ್ಚಿ, ಕಾಲನ್ನು ಅದು ಒಳಹೋಗಿದ್ದ ದಿಕ್ಕಿಗೆ ವಿರುದ್ಧವಾಗಿ, ಅಂದರೆ ಮೇಲ್ಹರಿವಿನ ಕಡೆಗೆ ಎಳೆದರು. ಕಾಲು ಬಂತು, ಚಪ್ಪಲಿ ಸಂದಿಯಲ್ಲೇ ಉಳಿಯಿತು. ಹಗ್ಗವನ್ನು ಅವನ ಸೊಂಟಕ್ಕೆ ಕಟ್ಟೋಣ ಎಂದು ನಮ್ಮಲ್ಲೊಬ್ಬರು ಹೇಳಿದ್ದನ್ನು ಅವರು ಖಡಾಖಂಡಿತವಾಗಿ ಬೇಡವೆಂದರು. ಅದು ಸರಿಯಾದ ತೀರ್ಮಾನ: ಸೆಳವಿನಲ್ಲಿ ಮೈಗೆ ಕಟ್ಟಿದ ಹಗ್ಗ ಬಿಗಿಯಾದರೆ ನೀರು ಆ ಮನುಷ್ಯನನ್ನು ಅದುಮಿ ಮುಳುಗಿಸಿಬಿಡುತ್ತದೆ, ಗಂಟು ಬಿಚ್ಚಲು ಅವಕಾಶವೇ ಇರುವುದಿಲ್ಲ.

ತೊಡೆಮಟ್ಟದ ನೀರು ಒಬ್ಬ ಗಟ್ಟಿಮುಟ್ಟಾದ ಯುವಕನನ್ನು ಹೀಗೆ ಬಗ್ಗಿಸಿದ್ದು ಹೇಗೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಮಡುವಿಗೆ ಎಷ್ಟು ನೀರು ಬರುತ್ತದೋ ಅಷ್ಟೂ ಹೊರಗೆ ಹೋಗಲೇಬೇಕು. ಅಗಲವಾಗಿ, ಆಳವಾಗಿ ಇರುವಲ್ಲಿ ಅದು ನಿಧಾನವಾಗಿ ಸಾಗುತ್ತದೆ. ಕಿರಿದಾದ, ಆಳವಿಲ್ಲದ ಬಾಯಿಗೆ ಬಂದಾಗ ಅದೇ ನೀರು ಹಲವು ಪಟ್ಟು ವೇಗವಾಗಿ ನುಗ್ಗುತ್ತದೆ. ವೇಗ ಎರಡು ಪಟ್ಟಾದರೆ ಅಡ್ಡನಿಂತವನ ಮೇಲೆ ಬೀಳುವ ಬಲ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋ ಎಂಬುದನ್ನು ಇದರೊಂದಿಗೆ ಸೇರಿಸಿ ಯೋಚಿಸಿದರೆ, ತೋಳಿನ ಬಲದಿಂದ ಇದನ್ನು ಎದುರಿಸುವ ಮಾತೇ ಇಲ್ಲವೆಂದು ತಿಳಿಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ 100 ಮೀಟರ್ ಫ್ರೀಸ್ಟೈಲ್ ಈಜಿನ ವಿಶ್ವದಾಖಲೆ 46.40 ಸೆಕೆಂಡ್‌ಗೆ ಇಳಿಯಿತು. ಅದು ಸೆಕೆಂಡಿಗೆ ಸುಮಾರು 2.15 ಮೀಟರ್ ವೇಗ, ಅಂದರೆ ಗಂಟೆಗೆ 8 ಕಿಲೋಮೀಟರ್‌ಗಿಂತಲೂ ಕಡಿಮೆ. ಇಳಿಜಾರಿನ ಕಿಂಡಿಯಲ್ಲಿ ನೀರು ಆ ವೇಗ ಪಡೆಯುವುದು ದೊಡ್ಡ ಸಂಗತಿಯೇನಲ್ಲ. ಜಗತ್ತಿನ ಅತಿ ವೇಗದ ಈಜುಗಾರನಿಗೂ ಅಲ್ಲಿ ಎದುರು ಈಜಿ ಮುಂದೆ ಹೋಗಲಾಗದು ಎಂದ ಮೇಲೆ, 'ನನಗೆ ಈಜು ಬರುತ್ತದೆ' ಎಂಬ ಧೈರ್ಯಕ್ಕೆ ಆ ಜಾಗದಲ್ಲಿ ಬೆಲೆಯಿಲ್ಲ.

ಆದ್ದರಿಂದ ಸೆಳವಿಗೆ ಸಿಕ್ಕವರು ಎದ್ದು ನಿಲ್ಲಲು ಪ್ರಯತ್ನಿಸಬಾರದು. ಇದು ಸಹಜಬುದ್ಧಿಗೆ ವಿರುದ್ಧವಾಗಿ ಕಾಣುತ್ತದೆ, ಕಾಲಿಗೆ ಕಲ್ಲು ತಾಗಿದೊಡನೆ ನಿಲ್ಲಬೇಕೆಂದೇ ಎಲ್ಲರಿಗೂ ಅನಿಸುತ್ತದೆ, ಹಾಗಾಗಿಯೇ ಈ ಮಾತನ್ನು ನೀರಿಗೆ ಇಳಿಯುವ ಮೊದಲೇ ಮಕ್ಕಳಿಗೂ ದೊಡ್ಡವರಿಗೂ ಹೇಳಿಟ್ಟಿರಬೇಕು. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ಎತ್ತಿ ಹಿಡಿದು, ಕೈಗಳಿಂದ ಹುಟ್ಟು ಹಾಕುತ್ತಾ ಓರೆಯಾಗಿ ದಡದತ್ತ ಸಾಗಬೇಕು. ನೀರು ಮೊಣಕಾಲಿಗಿಂತ ಕೆಳಗಿಳಿದು ಸೆಳವು ತಗ್ಗಿದ ನಂತರವೇ ಏಳಬೇಕು. ಒಂದೇ ಒಂದು ಸಂದರ್ಭ ಇದಕ್ಕೆ ಹೊರತು: ಎದುರಿಗೆ ಹೊಳೆಗೆ ಅಡ್ಡವಾಗಿ ಬಿದ್ದ ಮರ ಕಂಡರೆ, ಕಾಲು ಮುಂದೆ ಮಾಡಿ ಹೋದವರನ್ನು ನೀರು ಕೊಂಬೆಗಳ ಅಡಿಗೆ ಎಳೆದು ಸಿಕ್ಕಿಸುತ್ತದೆ. ಅಲ್ಲಿಂದ ದೂರಕ್ಕೆ ಈಜಬೇಕು. ತಪ್ಪಿಸಿಕೊಳ್ಳಲಾಗದಿದ್ದರೆ ಮಗುಚಿಕೊಂಡು ತಲೆ ಮುಂದಾಗಿ ಅದರತ್ತ ಬಲವಾಗಿ ಈಜಿ ಮರದ ಮೇಲಕ್ಕೆ ಹತ್ತಬೇಕು.

ಮಡುವಿನ ಕೆಳಬಾಯಿಯನ್ನು ಮೊದಲು ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಬಟ್ಟೆ ಬದಲಿಸುವ ಮೊದಲು ದಡದಲ್ಲಿ ಕೆಳಗಿನವರೆಗೆ ನಡೆದುಹೋಗಿ, ನೀರು ಎಲ್ಲಿಂದ ಹೊರಬೀಳುತ್ತದೆ, ಬಿದ್ದ ನಂತರ ಎಲ್ಲಿಗೆ ಹೋಗುತ್ತದೆ, ಸೆಳವಿಗೆ ಸಿಕ್ಕವರು ಎಲ್ಲಿ ದಡ ಸೇರಬಹುದು ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಒಣಗಿದ ಎಲೆಯೊಂದನ್ನು ಮಡುವಿನ ನಡುವೆ ಎಸೆದು ಅದು ಹೋಗುವ ದಾರಿಯನ್ನು ಗಮನಿಸಿದರೆ, ನಿಂತಂತಿರುವ ನೀರು ಯಾವ ಕಡೆ ಎಳೆಯುತ್ತಿದೆಯೆಂದು ತಿಳಿಯುತ್ತದೆ. ಕೆಳಗೆ ಅಬ್ಬಿಯೋ ಕಲ್ಲುಸಂದಿಗಳ ಇಳಿಜಾರೋ ಇದ್ದರೆ ಆ ಮಡು ಎಷ್ಟೇ ಸುಂದರವಾಗಿದ್ದರೂ ಈಜಲು ತಕ್ಕದ್ದಲ್ಲ. ಇಳಿಯುವವರು ಇಳಿಯುವ ಹೊತ್ತಿನಲ್ಲಿ ಕೆಳಬಾಯಿಯ ಬಳಿ ದಡದ ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ. ಸೀಟಿಯೊಂದು ಇರಲಿ, ಹೊಳೆಯ ಸದ್ದಿನಲ್ಲಿ ಮನುಷ್ಯರ ಕೂಗು ಹತ್ತು ಮಾರು ದೂರಕ್ಕೂ ಕೇಳುವುದಿಲ್ಲ.

ಮೇಲ್ಬಾಯಿಯ ವಿಷಯವೂ ಇದೆ. ಧುಮುಕುವ ನೀರಿನ ಬುಡದಲ್ಲಿ ಬಿಳಿ ನೊರೆಯಿರುವ ಜಾಗದಲ್ಲಿ ನೀರಿನೊಂದಿಗೆ ಗಾಳಿ ಬೆರೆತಿರುವುದರಿಂದ ಅದು ಮೈಯನ್ನು ತೇಲಿಸಿ ಹಿಡಿಯುವುದಿಲ್ಲ, ಜೊತೆಗೆ ಅಲ್ಲಿನ ಸುಳಿ ಮನುಷ್ಯನನ್ನು ಮತ್ತೆ ಬುಡಕ್ಕೇ ಎಳೆಯುತ್ತದೆ. ಬಂಡೆಯ ಮೇಲಿಂದ ಹಾರುವುದಂತೂ ಬೇಡವೇ ಬೇಡ: ಬೆಳಕು ಬಾಗುವುದರಿಂದ ತಿಳಿನೀರಿನ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ, ಎರಡು ಮೀಟರ್ ಆಳ ಒಂದೂವರೆ ಮೀಟರಿನಂತೆ ತೋರುತ್ತದೆ, ನೊರೆಯ ಅಡಿಯಲ್ಲಿರುವ ಬಂಡೆ ಕಾಣುವುದೇ ಇಲ್ಲ. ಇನ್ನು ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದ ಮೇಲೆ ಮಳೆಯಾಗುತ್ತಿರಬಹುದು. ತಿಳಿನೀರು ಕದಡಿ ಬಣ್ಣ ಬದಲಾದರೆ, ಎಲೆ ಕಡ್ಡಿಗಳು ಇದ್ದಕ್ಕಿದ್ದಂತೆ ಹೆಚ್ಚಾಗಿ ತೇಲಿಬಂದರೆ, ಹೊಳೆಯ ಸದ್ದು ಬದಲಾದರೆ, ಸಾಮಾನು ಹುಡುಕುತ್ತಾ ನಿಲ್ಲದೆ ಎತ್ತರಕ್ಕೆ ಹತ್ತಬೇಕು.

ತಣ್ಣೀರಿನ ಬಗ್ಗೆ ನಾವು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಬೆಟ್ಟದ ನೀರು ಹೊರಗಿನ ಬಿಸಿಲಿನಲ್ಲಿ ಹಿತವೆನಿಸಿದರೂ, 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ನೀರಿಗೆ ಒಮ್ಮೆಲೇ ಬಿದ್ದರೆ ಮನುಷ್ಯ ತನಗರಿಯದೆಯೇ ಏದುಸಿರು ಎಳೆಯುತ್ತಾನೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ನೀರೇ ಶ್ವಾಸಕೋಶಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ಕಳೆದ ಮೇಲೆ ಕೈಕಾಲುಗಳ ಶಕ್ತಿ ಉಡುಗುತ್ತದೆ. ನನ್ನ ತಮ್ಮ ಹಗ್ಗವನ್ನು ಬೆರಳುಗಳಿಂದ ಹಿಡಿಯಲಾಗದೆ ತೋಳುಗಳನ್ನು ಅದರ ಮೇಲೆ ಹಾಕಿ ಒರಗಬೇಕಾಗಿ ಬಂದದ್ದು ಇದರಿಂದಲೇ. ದಡಕ್ಕೆ ಬಂದ ಮೇಲೆ ಅವನ ಬೆರಳುಗಳು ಮಡಚಿದ ಸ್ಥಿತಿಯಲ್ಲೇ ಇದ್ದವು, ಅವನಿಂದ ಟವೆಲನ್ನು ಹಿಡಿದುಕೊಳ್ಳಲೂ ಆಗಲಿಲ್ಲ.

ಮೇಲೆ ತಂದವರು ಉಸಿರಾಡದಿದ್ದರೆ, ಹೊಟ್ಟೆ ಅದುಮಿ ನೀರು ಹೊರಹಾಕಲು ಹೋಗಿ ಸಮಯ ಕಳೆಯಬಾರದು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ನಂತರ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೆ ಮುಂದುವರಿಸಬೇಕು. ಇದನ್ನು ಓದಿ ಕಲಿಯಲಾಗದು, ತರಬೇತಿ ಪಡೆದವರಿಂದ ಕೈಯಾರೆ ಮಾಡಿಯೇ ಕಲಿಯಬೇಕು. ಇಂಥ ಜಾಗಗಳಿಗೆ ಹೋಗುವ ಪ್ರತಿ ಗುಂಪಿನಲ್ಲಿ ಅದನ್ನು ಬಲ್ಲವರು ಒಬ್ಬರಾದರೂ ಇರಬೇಕು.

ನನ್ನ ತಮ್ಮನಿಗೆ ಅದರ ಅಗತ್ಯ ಬೀಳಲಿಲ್ಲ. ಅವನು ಎದ್ದು ಕುಳಿತು ಮಾತನಾಡಿದ, ಏನೂ ಆಗಿಲ್ಲ, ಮನೆಗೆ ಹೋಗೋಣ ಎಂದ. ಆದರೆ ನೀರು ಕುಡಿದಿದ್ದ, ಕೆಮ್ಮು ನಿಲ್ಲುತ್ತಿರಲಿಲ್ಲ, ಪಾದದ ಕೀಲು ಊದಿಕೊಳ್ಳುತ್ತಿತ್ತು. ಮಾವನವರು ಅವನ ಮಾತು ಕೇಳದೆ ಆಸ್ಪತ್ರೆಗೆ ಕರೆದೊಯ್ದರು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಹೆಚ್ಚಾಗಬಹುದು ಎಂದು ವೈದ್ಯರು ಅವನನ್ನು ಅಂದು ರಾತ್ರಿ ನಿಗಾದಲ್ಲಿ ಇರಿಸಿಕೊಂಡರು. ನೀರು ಕುಡಿದವರು ಕೆಮ್ಮುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಅಥವಾ ಮಂಪರಿನಲ್ಲಿದ್ದಂತೆ ತೋರಿದರೆ, ಅವರು ಎಷ್ಟೇ ಬೇಡವೆಂದರೂ ಅದೇ ದಿನ ವೈದ್ಯರಿಗೆ ತೋರಿಸಿ.